ಡಾರ್ಕ್‌ಟೇಬಲ್: ಕೊನೆಗೌಡನ ಮುಖ ಕಪ್ಪಾಗದಿರಲು

ಅಡಿಕೆ ಮರದ ತುದಿಯಲ್ಲಿ ಕೊನೆ ಕೊಯ್ಯುವ ಕೊನೆಗೌಡನನ್ನು ಕೆಳಗೆ ನಿಂತು ಫೋಟೋ ತೆಗೆದರೆ ಎರಡರಲ್ಲೊಂದು ಕೆಡುತ್ತದೆ. ಮುಖ ಕಾಣಿಸಿದರೆ ಆಕಾಶ ಸುಣ್ಣ ಬಳಿದ ಹಾಗೆ, ಆಕಾಶ ಉಳಿದರೆ ಮುಖ ಕಪ್ಪು. ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಕ್ಯಾಮೆರಾ ಹಿಡಿಯುವವರು ಜೆಪೆಗ್ ಬಿಟ್ಟು, ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲಿಗೆ ಬರಬೇಕಾದ್ದು ಇದಕ್ಕೇ. ರಾ ತೆರೆಯಲು ದುಡ್ಡು ಸುರಿಯಬೇಕಿಲ್ಲ, ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಧಾರಾಳ ಸಾಕು. ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ.

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಮೆಟ್ಟಿಲು. 14 ಬಿಟ್ ರಾದಲ್ಲಿ 16,384. ಕತ್ತಲಲ್ಲಿದ್ದ ಮುಖವನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಎತ್ತಿದರೆ ಜೆಪೆಗ್‌ನಲ್ಲಿ ಗಲ್ಲದ ಮೇಲೆ 8×8 ಪಿಕ್ಸೆಲ್‌ನ ಚೌಕಗಳು, ಮಣ್ಣುಬಣ್ಣದ ಕಲೆಗಳು ಏಳುತ್ತವೆ. ರಾದಲ್ಲಿ ಹಣೆಯ ಬೆವರೂ ಉಳಿದಿರುತ್ತದೆ. ಆದ್ದರಿಂದ ಎಕ್ಸ್‌ಪೋಷರ್ (ಕ್ಯಾಮೆರಾಕ್ಕೆ ಬೀಳುವ ಬೆಳಕಿನ ಅಳತೆ) ಆಕಾಶಕ್ಕೆ ಹೊಂದಿಸಿ, ಮುಖವನ್ನು ಆಮೇಲೆ ಎತ್ತಿ. ಅತಿ ಬೆಳಕಿಗೆ ಕೆಂಪು, ಹಸಿರು, ನೀಲಿ ಮೂರೂ ಬಣ್ಣ ಸುಟ್ಟುಹೋದ ಜಾಗವನ್ನು ರಾ ಕೂಡ ಮರಳಿ ಕೊಡದು. ಒಂದೇ ಬಣ್ಣ ಸುಟ್ಟಿದ್ದರೆ ಡಾರ್ಕ್‌ಟೇಬಲ್‌ನ ‘ಹೈಲೈಟ್ ರಿಕನ್‌ಸ್ಟ್ರಕ್ಷನ್’ ಮಾಡ್ಯೂಲ್ (ತಿದ್ದುವ ಸಲಕರಣೆ) ಉಳಿದೆರಡನ್ನು ನೋಡಿ ತಕ್ಕಮಟ್ಟಿಗೆ ತುಂಬುತ್ತದೆ.

ಯಕ್ಷಗಾನದಲ್ಲಿ ಈ ಒಂದೇ ಬಣ್ಣದ ತೊಂದರೆ ಹೆಚ್ಚು. ರಂಗಸ್ಥಳದ ಎಲ್‌ಇಡಿ ಬೆಳಕಿನಲ್ಲಿ ವೇಷದ ಕೆಂಪು ಬಟ್ಟೆ ನೆರಿಗೆಯೇ ಇಲ್ಲದೆ ಬರಿ ಕೆಂಪು ಮುದ್ದೆಯಾಗುತ್ತದೆ. ಬೆಳಕು ಎಷ್ಟಿದೆ ಎಂದು ತೋರಿಸುವ ಕ್ಯಾಮೆರಾದ ಬಿಳಿ ನಕ್ಷೆ (ಹಿಸ್ಟೋಗ್ರಾಮ್) ಸರಿಯಿದೆ ಅನ್ನಿಸುತ್ತದೆ, ಆದರೆ ಕೆಂಪು ಆಗಲೇ ಬಲ ಅಂಚಿಗೆ ತಾಗಿ ಸುಟ್ಟಿರುತ್ತದೆ. ಮೂರೂ ಬಣ್ಣ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿಕೊಂಡು, ಎಕ್ಸ್‌ಪೋಷರ್ ಒಂದು ಸ್ಟಾಪಿನ ಮೂರನೇ ಎರಡು ಭಾಗದಷ್ಟು ಇಳಿಸಿ.

ಮೊದಲ ಸಲ ಡಾರ್ಕ್‌ಟೇಬಲ್‌ನ ಡಾರ್ಕ್‌ರೂಮ್ ಎಂಬ ತಿದ್ದುವ ಪುಟದಲ್ಲಿ ತೆರೆದಾಗ ಚಿತ್ರ ಸಪ್ಪೆಯಾಗುತ್ತದೆ, ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ. ಅದುವರೆಗೆ ಕಂಡದ್ದು ಫೈಲಿನೊಳಗಿನ ಜೆಪೆಗ್, ಈಗ ಕಾಣುತ್ತಿರುವುದು ನಿಜವಾದ ರಾ, ಅಷ್ಟೇ. ಮೊದಲು ‘ಎಕ್ಸ್‌ಪೋಷರ್’ನಲ್ಲಿ ಮುಖದ ಬೆಳಕು ಹೊಂದಿಸಿ, ಆಮೇಲೆ ‘ಕಲರ್ ಕ್ಯಾಲಿಬ್ರೇಷನ್’ನಲ್ಲಿ ಬಿಳಿ ಸರಿಮಾಡಿ, ನಂತರ ಬೆಳಕು ನೆರಳನ್ನು ಪರದೆಗೆ ಹೊಂದಿಸುವ ‘ಸಿಗ್ಮಾಯ್ಡ್’ ಅಥವಾ ‘ಫಿಲ್ಮಿಕ್’, ಎರಡರಲ್ಲಿ ಒಂದೇ. ಐಎಸ್‌ಒ 3200 ದಾಟಿದ್ದರೆ ಚಿತ್ರದ ಕಾಳುಕಾಳು ಕಡಿಮೆ ಮಾಡುವ ‘ಡಿನಾಯ್ಸ್ ಪ್ರೊಫೈಲ್ಡ್’ ಹಾಕಿ. ‘ವೈಟ್ ಬ್ಯಾಲೆನ್ಸ್’ ಮಾಡ್ಯೂಲ್ ಮುಟ್ಟಬೇಡಿ. ಮುಟ್ಟಿದರೆ ಬಿಳಿಯ ತಿದ್ದುಪಡಿ ಎರಡು ಸಲ ಬೀಳುತ್ತದೆ, ತಂತ್ರಾಂಶವೂ ಎಚ್ಚರಿಸುತ್ತದೆ.

ಇನ್ನೊಂದು ಜಾಗರೂಕತೆ: ತಿದ್ದುಪಡಿಗಳೆಲ್ಲ ಪಕ್ಕದ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿರುತ್ತವೆ, ರಾ ಫೈಲಿಗೆ ಏನೂ ಆಗುವುದಿಲ್ಲ. ಬೇರೆ ಡಿಸ್ಕಿಗೆ ಸಾಗಿಸುವಾಗ ಎರಡನ್ನೂ ಒಯ್ಯಿರಿ. ಕ್ಯಾನನ್‌ನ ಸಿಆರ್3 ರಾ ಫೈಲುಗಳಿಗೆ ಡಾರ್ಕ್‌ಟೇಬಲ್ 3.8 ಅಥವಾ ನಂತರದ ಆವೃತ್ತಿ ಬೇಕು. 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಸ್ಲೈಡರ್‌ಗೂ ಕಾಯಬೇಕಾಗುತ್ತದೆ, 8 ಇದ್ದರೆ ಒಳ್ಳೆಯದು.

ಜಾಗದ ಲೆಕ್ಕವನ್ನೂ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಸುಮಾರು 25ರಿಂದ 30 ಎಂಬಿ, ಜೆಪೆಗ್ ಅದರ ಮೂರನೇ ಒಂದು ಭಾಗ. 64 ಜಿಬಿ ಕಾರ್ಡಿಗೆ ಎರಡು ಸಾವಿರದಷ್ಟು ರಾ ಹಿಡಿಯುತ್ತವೆ. ರಾದಲ್ಲಿ ಸಾಲಾಗಿ ಹೊಡೆಯುವಾಗ ಬಫರ್ (ಕ್ಯಾಮೆರಾದೊಳಗಿನ ತಾತ್ಕಾಲಿಕ ಜಾಗ) ಬೇಗ ತುಂಬಿ ಕ್ಯಾಮೆರಾ ನಿಧಾನಿಸುತ್ತದೆ. ಕಾರವಾರದ ಕಡಲತೀರದಲ್ಲಿ ಹಾರುವ ಹಕ್ಕಿಗಳಿಗೆ, ಹಗಲ ಬೆಳಕಿನಲ್ಲಿ ಜೆಪೆಗ್ ಸಾಕು. ಸಂಜೆಯೇ ವಾಟ್ಸಾಪ್‌ಗೆ ಕಳಿಸಬೇಕಾದ ಮದುವೆಮನೆಯ ಫೋಟೋಗಳಿಗೆ ರಾ ಮತ್ತು ಜೆಪೆಗ್ ಎರಡನ್ನೂ ಹಾಕಿಡಿ. ಧಾರೆಯ ಹೊತ್ತಿನ ನಾಲ್ಕು ಚಿತ್ರಗಳನ್ನು ಮಾತ್ರ ಆಮೇಲೆ ರಾದಿಂದ ತಿದ್ದಬಹುದು.