ವಿಜಯಪುರದ ಮಾಳಿಗೆ ಮೇಲೆ ಡಿಡಿ ಫ್ರೀ ಡಿಶ್

ತಿಂಗಳ ರೀಚಾರ್ಜ್ ಇಲ್ಲದ ಟಿವಿ ಬೇಕಾದವರಿಗೆ ಪ್ರಸಾರ ಭಾರತಿಯ ಉಚಿತ ಉಪಗ್ರಹ ಟಿವಿ ಸೇವೆ ಡಿಡಿ ಫ್ರೀ ಡಿಶ್‌ಗಿಂತ ಸೋವಿ ದಾರಿ ಇಲ್ಲ. 60 ಸೆಂ.ಮೀ. ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ), ಸೆಟ್ ಟಾಪ್ ಬಾಕ್ಸ್, ಆರ್‌ಜಿ-6 ಕೇಬಲ್ ಇದ್ದರೆ ಸಾಕು. ಬಾಕ್ಸ್ ಮಾತ್ರ ಎಂಪೆಗ್-4 (ಹೊಸ ವಿಡಿಯೊ ಮಾದರಿ) ಇರೋದನ್ನೇ ತಗೊಳ್ಳಿ. ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಎಲ್ಲ ಚಾನೆಲ್ ಬರುವುದಿಲ್ಲ.

ಈ ಚಾನೆಲ್ ಕಳಿಸುವ ಜಿಸ್ಯಾಟ್-15 ಉಪಗ್ರಹ ಇರೋದು 93.5 ಡಿಗ್ರಿ ಪೂರ್ವದಲ್ಲಿ. ವಿಜಯಪುರದಿಂದ ನೋಡಿದರೆ ಅದು ಆಗ್ನೇಯ ದಿಕ್ಕು, ಉತ್ತರದಿಂದ ಸುಮಾರು 132 ಡಿಗ್ರಿ, ದಿಗಂತದಿಂದ ಎತ್ತರ 61-62 ಡಿಗ್ರಿ. ಇದು ಆಫ್‌ಸೆಟ್ ಡಿಶ್ (ಎಲ್‌ಎನ್‌ಬಿ ನಡುವಿಗಲ್ಲ, ಕೆಳಗಡೆ ಕೂರುವಂಥದ್ದು) ಆದ್ದರಿಂದ ಅದರ ಮುಖ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲ, ಗಾಬರಿ ಬೇಡ. ಆ ಕಡೆ ಬೇವಿನ ಮರ ಅಡ್ಡ ಇದ್ದರೆ ಜಾಗ ಬದಲಿಸಿ.

ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ, ಡಿಶ್ ಕೂದಲೆಳೆಯಷ್ಟು ಸರಿಸುತ್ತ ಕ್ವಾಲಿಟಿ ಪಟ್ಟಿ ನೋಡಿ. ಸ್ಟ್ರೆಂತ್ ನಂಬಬೇಡಿ, ಡಿಶ್ ಎತ್ತ ತಿರುಗಿದ್ದರೂ ಅದು ಏರಿಯೇ ಇರುತ್ತದೆ. ಕೊನೆಗೆ ಎಲ್‌ಎನ್‌ಬಿಯನ್ನು ಸ್ವಲ್ಪ ತಿರುವಿ ನೋಡಿ, ಅಲ್ಲೇ ಇನ್ನಷ್ಟು ಸಿಗುತ್ತದೆ.

ಕೆಡೋದು ಹೆಚ್ಚಾಗಿ ಕೇಬಲ್ ತುದಿಯ ಕನೆಕ್ಟರ್‌ನಲ್ಲೇ. ಕೇಬಲ್ ಹೊರಸುತ್ತಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್, ಸಿಗ್ನಲ್ ಮಾಯ.