ಮಡಚೋ ಸೈಕಲ್ ಪ್ಲಸ್ ಮೆಟ್ರೋ: ಯಾರಿಗೆ ಸರಿ, ಯಾರಿಗೆ ದಂಡ

ಸೈಕಲ್ ತುಳೀರಿ ತುಳೀರಿ ಅಂತ ಅಪಾರ್ಟ್‌ಮೆಂಟ್ ಮೀಟಿಂಗಿಂದ ಹಿಡಿದು ಆಫೀಸ್ ಕ್ಯಾಂಟೀನ್ ತನಕ ಎಲ್ಲರ ತಲೆ ತಿನ್ನೋ ಪೈಕಿ ನಾನು. ಜನ ವಾಪಸ್ ಕೇಳೋದೂ ಒಂದೇ, ಗುರೂ ನಮ್ಮನೆ ಕೋಣನಕುಂಟೆ ಕಡೆ, ಆಫೀಸು ವೈಟ್‌ಫೀಲ್ಡು, ಹೆಚ್ಚು ಕಮ್ಮಿ 28 ಕಿಲೋಮೀಟರು, ತುಳ್ಕೊಂಡು ಹೋಗ್ಲಾ ಅಂತ. ಬೇಡ ಮಾರಾಯ್ರೆ, ಯಾರು ಹೋಗು ಅಂದ್ರು. ನಂದೂ ಅದೇ ರೂಟು, ನಾನೂ ಪೂರ್ತಿ ತುಳಿಯಲ್ಲ. ಮನೆಯಿಂದ ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ನಿಗೆ ಎರಡೂವರೆ ಕಿಲೋಮೀಟರು ಸೈಕಲ್ಲು, ಆಮೇಲೆ ಗ್ರೀನ್ ಲೈನು, ಮೆಜೆಸ್ಟಿಕ್ಕಲ್ಲಿ ಪರ್ಪಲ್ಲಿಗೆ ಚೇಂಜು, ಪಟ್ಟಂದೂರು ಅಗ್ರಹಾರದಲ್ಲಿ ಇಳಿದು ಇನ್ನೊಂದೂವರೆ ಕಿಲೋಮೀಟರು ಅದೇ ಸೈಕಲ್ಲು. ಮಧ್ಯದಲ್ಲಿ ಅದು ಮಡಚ್ಕೊಂಡು ನನ್ನ ಕಾಲ ಹತ್ರ ಕೂತಿರುತ್ತೆ. ಈ ರಿವ್ಯೂ ಆ ಸೈಕಲ್ ಬಗ್ಗೆನೇ, ಆದ್ರೆ ಬ್ರಾಂಡ್ ಹೆಸರು ಹಾಕ್ತಾ ಇಲ್ಲ, ಯಾಕಂದ್ರೆ 20 ಸಾವಿರದ ಆಸುಪಾಸಲ್ಲಿ ಸಿಗೋ 20 ಇಂಚ್ ಚಕ್ರದ ಫೋಲ್ಡಿಂಗ್ ಸೈಕಲ್‌ಗಳು ಬಹುತೇಕ ಒಂದೇ ಜಾತಿ, ಸ್ಟಿಕ್ಕರ್ ಬೇರೆ ಅಷ್ಟೆ.

ಮೊದಲು ಮಡಚೋ ವಿಷಯ. ಫ್ರೇಮ್ ಮಧ್ಯದಲ್ಲಿ ಒಂದು ಕೀಲು, ಅದಕ್ಕೊಂದು ಲಿವರ್ರು, ಲಿವರ್ ತಾನಾಗೇ ಬಿಚ್ಕೋಬಾರ್ದು ಅಂತ ಮೇಲೊಂದು ಚಿಕ್ಕ ಲಾಕು. ಹ್ಯಾಂಡಲ್ ಬುಡದಲ್ಲಿ ಇನ್ನೊಂದು ಕೀಲು. ಸೀಟು ಇಳಿಸಿ, ಪೆಡಲ್ ಮಡಚಿ, ಫ್ರೇಮ್ ಮಡಚಿ, ಹ್ಯಾಂಡಲ್ ಕೆಳಗೆ ಬಿಟ್ರೆ ಮುಗೀತು. ಜಾಹೀರಾತಲ್ಲಿ ತೋರಿಸೋ ಹತ್ತು ಸೆಕೆಂಡೆಲ್ಲ ಸುಳ್ಳು, ಕೈ ಪಳಗಿದ ಮೇಲೂ ಅರ್ಧ ನಿಮಿಷ ಬೇಕು, ಹಿಂದೆ ಕ್ಯೂ ಇದ್ರೆ ಒಂದು ನಿಮಿಷ ಅನ್ಸುತ್ತೆ. ಮಡಚಿದ ಮೇಲೆ ಎರಡು ಚಕ್ರ ಒಂದಕ್ಕೊಂದು ಅಂಟ್ಕೊಂಡಿರ್ಲಿ ಅಂತ ಆಕ್ಸಲ್ ಹತ್ರ ಮ್ಯಾಗ್ನೆಟ್ ಕೊಟ್ಟಿರ್ತಾರೆ. ಆ ಮ್ಯಾಗ್ನೆಟ್ಟು ಸೈಕಲ್ ಶೋರೂಮಲ್ಲಿ ನಿಂತಿದ್ದಾಗ ಮಾತ್ರ ಕೆಲಸ ಮಾಡುತ್ತೆ, ಎತ್ಕೊಂಡು ನಾಲ್ಕು ಮೆಟ್ಲು ಹತ್ತಿದ್ರೆ ಬಾಯಿ ಬಿಟ್ಕೊಂಡು ಹಿಂದಿನ ಚಕ್ರ ಪಕ್ಕದವರ ಮೊಣಕಾಲಿಗೆ ಬಡಿಯುತ್ತೆ. ವೆಲ್ಕ್ರೋ ಪಟ್ಟಿ ಒಂದು ತಗೊಳ್ಳಿ, ಐವತ್ತು ರೂಪಾಯಿ, ಇಡೀ ಸೈಕಲ್ಲಲ್ಲಿ ಅದಕ್ಕಿಂತ ಉಪಯೋಗದ ಪಾರ್ಟ್ ಇನ್ನೊಂದಿಲ್ಲ.

ತೂಕ ಹನ್ನೆರಡೂವರೆ ಕಿಲೋ ಅಂತ ಬಾಕ್ಸ್ ಮೇಲೆ ಇತ್ತು. ಮಡ್‌ಗಾರ್ಡು, ಕ್ಯಾರಿಯರ್ರು, ಲೈಟು, ಲಾಕು ಎಲ್ಲ ಸೇರಿಸಿದ್ರೆ ಹದಿನಾಲ್ಕು ಮುಟ್ಟುತ್ತೆ. ಹದಿನಾಲ್ಕು ಕಿಲೋ ಅಂದ್ರೆ ಮೂರು ವರ್ಷದ ಮಗುನ ಕಂಕುಳಲ್ಲಿ ಎತ್ಕೊಂಡ ಹಾಗೆ, ಆದ್ರೆ ಈ ಮಗು ಕತ್ತು ಹಿಡ್ಕೊಳಲ್ಲ ಮತ್ತೆ ಪ್ಯಾಂಟಿಗೆಲ್ಲ ಗ್ರೀಸ್ ಬಳಿಯುತ್ತೆ. ಲಿಫ್ಟಿದೆ ಎಸ್ಕಲೇಟರಿದೆ ನಿಜ, ಆದ್ರೆ ಮೆಜೆಸ್ಟಿಕ್ಕಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಲೈನ್ ಚೇಂಜ್ ಮಾಡಿದವರಿಗೆ ಗೊತ್ತು ಅಲ್ಲಿ ನಾವು ನಡೆಯಲ್ಲ, ಜನ ನಮ್ಮನ್ನ ನಡೆಸ್ತಾರೆ. ಆ ಟೈಮಲ್ಲಿ ಸೈಕಲ್ ಹಿಡ್ಕೊಂಡು ಹೋಗೋದು ದುಸ್ಸಾಹಸ, ನಾನು ಎಂಟಕ್ಕೆ ಮುಂಚೆ ದಾಟ್ಕೊಂಡು ಬಿಡ್ತೀನಿ, ಸಾಯಂಕಾಲ ಆದಷ್ಟು ಬೇಗ ಹೊರಡ್ತೀನಿ, ಬಾಸ್ ಒಳ್ಳೆಯವರು. ಶಿಫ್ಟ್ ಟೈಮ್ ಬದಲಾಯಿಸೋಕೆ ಆಗದೇ ಇರೋರು ಇಲ್ಲೇ ಓದೋದು ನಿಲ್ಲಿಸಿದ್ರೂ ಬೇಜಾರಿಲ್ಲ.

ಇನ್ನು ರೂಲ್ಸು. ನಮ್ಮ ಮೆಟ್ರೋದಲ್ಲಿ ಫೋಲ್ಡಿಂಗ್ ಸೈಕಲ್ ತಗೊಂಡು ಹೋಗೋಕೆ 2020ರಲ್ಲಿ ಪರ್ಮಿಷನ್ ಸಿಕ್ತು, ನಮ್ಮ ಸೈಕಲ್ ಗ್ರೂಪಲ್ಲೆಲ್ಲ ಹಬ್ಬ. ಷರತ್ತು ಏನು ಅಂದ್ರೆ ಮಡಚಿದ ಮೇಲೆ ಅಳತೆ 60 x 45 x 25 ಸೆಂಟಿಮೀಟರ್ ಮೀರಬಾರ್ದು, ತೂಕ 15 ಕಿಲೋ ಮೀರಬಾರ್ದು. ತೂಕದ ಮಾತು ನ್ಯಾಯವಾಗಿದೆ. ಅಳತೆ ಇದೆಯಲ್ಲ, ಅದು ಸೂಟ್‌ಕೇಸ್ ನೋಡಿ ಬರೆದ ಅಳತೆ. ಲಂಡನ್ನಲ್ಲಿ ತಯಾರಾಗೋ ಬ್ರಾಂಪ್ಟನ್ ಅಂತ ಇದೆ, ಲಕ್ಷಕ್ಕಿಂತ ಮೇಲೆ ರೇಟು, ಪ್ರಪಂಚದಲ್ಲಿ ಅತಿ ಚಿಕ್ಕದಾಗಿ ಮಡಚ್ಕೊಳ್ಳೋ ಸೈಕಲ್‌ಗಳಲ್ಲಿ ಒಂದು ಅಂತ ಹೆಸರು, ಅದು ಮಡಚಿದ್ರೆ 64.5 x 58.5 x 27. ಅಂದ್ರೆ ಅದೂ ಫೇಲು! ಅದೇ ಫೇಲ್ ಅಂದ್ಮೇಲೆ ನಮ್ಮ 20 ಇಂಚಿಂದು ಯಾವ ಮೂಲೆಗೆ, ಟೇಪ್ ಹಿಡಿದು ನೋಡಿದ್ರೆ ಎಂಬತ್ತರ ಹತ್ರ ಬರುತ್ತೆ. ಸ್ಟೇಷನ್ನಲ್ಲಿ ಯಾರೂ ಟೇಪ್ ಹಿಡ್ಕೊಂಡು ನಿಂತಿರಲ್ಲ, ನೀಟಾಗಿ ಕವರ್ ಹಾಕಿ ತಗೊಂಡು ಹೋದ್ರೆ ಸೆಕ್ಯುರಿಟಿಯವರು ನೋಡಿ ನಗ್ತಾರೆ, ಏನ್ ಸಾರ್ ಎಷ್ಟಾಯ್ತು ಇದು ಅಂತ ರೇಟ್ ಕೇಳ್ತಾರೆ, ಬಿಡ್ತಾರೆ. ಆದ್ರೆ ಒಂದಿನ ಬಿಡಲ್ಲ ಅಂದ್ರೆ ವಾದ ಮಾಡೋಕೆ ನಮ್ಮ ಹತ್ರ ಏನೂ ಇಲ್ಲ, ಇದನ್ನ ತಿಳ್ಕೊಂಡೇ ದುಡ್ಡು ಹಾಕಿ. ನಾವು ಕ್ಯಾಂಪೇನ್ ಮಾಡೋರು ಆ ಅಳತೆ ಬದಲಾಯಿಸಿ ಅಂತ ಕೇಳ್ತಾನೇ ಇರ್ಬೇಕು ಅನ್ನೋದು ಬೇರೆ ಮಾತು.

ಓಡಿಸೋದು ಹೇಗಿದೆ? ಚೆನ್ನಾಗಿದೆ, ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿದೆ. ಚಕ್ರ ಚಿಕ್ಕದು ಅಂದ್ರೆ ಸರ್ಕಸ್ ಜೋಕರ್ ತರ ಕಾಲು ತಿರುಗಿಸ್ತಾನೇ ಇರ್ಬೇಕು ಅಂತ ಜನರ ಲೆಕ್ಕ, ಹಾಗೇನಿಲ್ಲ, ಮುಂದಿನ ಚೈನ್‌ವೀಲಲ್ಲಿ, ಅಂದ್ರೆ ಪೆಡಲ್ ಹತ್ರದ ಹಲ್ಲಿನ ಚಕ್ರದಲ್ಲಿ, ಸಾಮಾನ್ಯವಾಗಿ 52 ಹಲ್ಲು ಇರುತ್ತೆ, ಮಾಮೂಲಿ ದೊಡ್ಡ ಸೈಕಲ್ಲಿಗಿಂತ ಜಾಸ್ತಿ, ಒಂದು ಸಲ ತುಳಿದ್ರೆ ಹಿಂದಿನ ಚಕ್ರ ಜಾಸ್ತಿ ಸುತ್ತು ತಿರುಗುತ್ತೆ, ಅಲ್ಲಿಗಲ್ಲಿಗೆ ಸರಿ ಹೋಗುತ್ತೆ. ಸಿಗ್ನಲ್ಲಲ್ಲಿ ಹಸಿರು ಬಿದ್ದ ತಕ್ಷಣ ಚಂಗ್ ಅಂತ ಹಾರುತ್ತೆ. ಗೇರ್ ಇರೋದನ್ನೇ ತಗೊಳ್ಳಿ, ಆರೋ ಏಳೋ ಸಾಕು, ನಮ್ಮೂರು ಮ್ಯಾಪಲ್ಲಿ ಮಾತ್ರ ಚಪ್ಪಟೆ, ಕೋಣನಕುಂಟೆ ಕಡೆ ವಾಪಸ್ ಬರೋ ಏರು ಸಿಂಗಲ್ ಸ್ಪೀಡಲ್ಲಿ ಹತ್ತಿದ್ರೆ ಊಟ ಬೇಕಿಲ್ಲ ನಿದ್ದೆ ಸಾಕು ಅನ್ಸುತ್ತೆ. ಗುಂಡಿ ವಿಷಯದಲ್ಲಿ ಮಾತ್ರ ದಯೆ ಇಲ್ಲ. ದೊಡ್ಡ ಚಕ್ರ ಉರುಳ್ಕೊಂಡು ದಾಟೋ ಗುಂಡಿಗೆ ಚಿಕ್ಕದು ಮೂಗು ತೂರಿಸುತ್ತೆ, ಸೀಟಿನ ಪೈಪ್ ಬೇರೆ ಉದ್ದ ಇರೋದ್ರಿಂದ ಏಟು ನೇರ ಬೆನ್ನಿಗೆ. ಮಳೆ ನೀರು ನಿಂತ ರೋಡಲ್ಲಿ ಕೆಳಗೇನಿದೆ ಗೊತ್ತಾಗದೇ ಇದ್ರೆ ಇಳಿದು ತಳ್ಳಿ, ಮರ್ಯಾದೆ ಏನೂ ಹೋಗಲ್ಲ.

ಒಂದು ಪ್ಲಸ್ ಯಾರೂ ಹೇಳಲ್ಲ: 20 ಇಂಚ್ ಅಂದ್ರೆ ಮಕ್ಕಳ ಸೈಕಲ್ಲಿನ ಸೈಜು. ಟ್ಯೂಬ್ ಯಾವ ಗಲ್ಲಿ ಸೈಕಲ್ ಶಾಪಲ್ಲಾದ್ರೂ ನೇತಾಡ್ತಾ ಇರುತ್ತೆ. ಬ್ರಾಂಪ್ಟನ್ನಿನ 16 ಇಂಚ್ ಟೈರಿನ ಅಳತೆ ಬೇರೆ, ಅದನ್ನ ತಗೊಂಡು ಕೋಣನಕುಂಟೆ ಪಂಕ್ಚರ್ ಶಾಪಿಗೆ ಹೋದ್ರೆ ಅಂಗಡಿಯವರು ನಿಮ್ಮನ್ನೇ ನೋಡ್ತಾರೆ.

ದುಡ್ಡಿನ ಲೆಕ್ಕ. 2025ರ ಆಗಸ್ಟಿಂದ ಆಟೋ ಮಿನಿಮಮ್ 36 ರೂಪಾಯಿ ಎರಡು ಕಿಲೋಮೀಟರಿಗೆ, ಮೇಲೆ ಕಿಲೋಮೀಟರಿಗೆ 18. ಸೈಕಲ್ ಬದಲು ಆಟೋ ಅಂತ ನನ್ನ ಎರಡೂ ಕಡೆ ಲೆಕ್ಕ ಹಾಕಿದ್ರೆ ಹೋಗೋಕೆ 81, ಬರೋಕೆ 81. ಮೀಟರ್ ಹಾಕ್ತಾರೆ ಅಂತ ಇಟ್ಕೊಂಡು ಹೇಳ್ತಿದ್ದೀನಿ, ನೀವು ನಗ್ಬೇಡಿ. ಆರು ತಿಂಗಳಲ್ಲಿ ಸೈಕಲ್ ದುಡ್ಡು ವಾಪಸ್.

ಕಾರ್ಬನ್ ಲೆಕ್ಕಕ್ಕೆ ಬರ್ತೀನಿ, ಇಲ್ಲಾಂದ್ರೆ ನಮ್ಮ ಗ್ರೂಪಿನವರು ಬೈತಾರೆ. ಒಂದು ಲೀಟರ್ ಪೆಟ್ರೋಲ್ ಸುಟ್ರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡು. 45 ಮೈಲೇಜ್ ಕೊಡೋ ಸ್ಕೂಟರ್ ಅಂದ್ರೆ ಕಿಲೋಮೀಟರಿಗೆ 50 ಗ್ರಾಮು. ನಾನು ದಿನಕ್ಕೆ ಸೈಕಲ್ ತುಳಿಯೋದು ಬರೀ 8 ಕಿಲೋಮೀಟರು, ಉಳಿಯೋದು 400 ಗ್ರಾಮು, ಇದನ್ನ ಹೇಳ್ಕೊಂಡು ಭೂಮಿ ಉಳಿಸ್ದೆ ಅಂತ ಟೀಶರ್ಟ್ ಹಾಕೋಕಾಗಲ್ಲ. ಆದ್ರೆ ಈ 8 ಕಿಲೋಮೀಟರು ಸರಿಯಾಗಿ ಕೂತ್ಕೊಂಡಿದ್ದಕ್ಕೇ ಅಲ್ವಾ ನಾನು ಮೆಟ್ರೋ ಹತ್ತಿದ್ದು, ಇಲ್ಲಾಂದ್ರೆ ಮನೆಯಿಂದಾನೇ ಸ್ಕೂಟರ್ ತೆಗೀತಿದ್ದೆ, ಹೋಗ್ತಾ ಬರ್ತಾ 56 ಕಿಲೋಮೀಟರು, 2.8 ಕಿಲೋ. ಮೆಟ್ರೋ ಕರೆಂಟಿಗೂ ಹೊಗೆ ಇದೆ, ಸ್ವಲ್ಪ ಕಳೀರಿ, ಆದ್ರೂ 400 ಗ್ರಾಮ್ ಎಲ್ಲಿ ಇದೆಲ್ಲಿ. ಸೈಕಲ್ ಒಂದೇ ಸ್ಕೂಟರನ್ನ ಸೋಲಿಸಲ್ಲ, ಮೆಟ್ರೋ ಒಂದೇನೂ ಸೋಲಿಸಲ್ಲ, ಮನೆಗೂ ಸ್ಟೇಷನ್ನಿಗೂ ಮಧ್ಯದ ಆ ಎರಡು ಮೂರು ಕಿಲೋಮೀಟರಲ್ಲೇ ಎಲ್ಲ ನಿಂತಿರೋದು.

ಅದಕ್ಕೇ ಅಡ್ಡಗೋಡೆ ಮೇಲೆ ದೀಪ ಇಡದೆ ಹೇಳ್ತೀನಿ, ಬಹಳ ಜನಕ್ಕೆ ಇದು ಬೇಡ. ಮನೆ ಸ್ಟೇಷನ್ನಿಂದ ದೂರ, ಆಫೀಸು ಸ್ಟೇಷನ್ ಪಕ್ಕದಲ್ಲೇ ಅಂದ್ರೆ ಏಳೆಂಟು ಸಾವಿರದ ಮಾಮೂಲಿ ಸೈಕಲ್ ತಗೊಂಡು, ಗಟ್ಟಿ ಲಾಕ್ ಹಾಕಿ ಸ್ಟೇಷನ್ನಲ್ಲಿ ನಿಲ್ಲಿಸಿ ಹೋಗಿ. ಹಳೇದಾಗಿದ್ರೆ ಇನ್ನೂ ಒಳ್ಳೇದು, ಕಳ್ಳರ ಕಣ್ಣು ಬೀಳಲ್ಲ. ಎರಡೂ ತುದಿಯಲ್ಲಿ ದೂರ ಇದ್ರೆ ಮಾತ್ರ ಫೋಲ್ಡಿಂಗು. ನಿಜ ಹೇಳ್ಬೇಕಂದ್ರೆ ಸೈಕಲ್ ನಮ್ಮನ್ನ ಹೊರ್ಬೇಕು, ನಾವು ಸೈಕಲ್ ಹೊತ್ಕೊಂಡು ಓಡಾಡೋದು ಊರಿನ ತಪ್ಪಿಗೆ ನಾವು ಕಟ್ಟೋ ದಂಡ. 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದ್ರು, ಖುಷಿ ಪಟ್ವಿ, ಆಮೇಲೆ ಮೆಟ್ರೋ ಕಾಮಗಾರಿ ಬಂತು, ಲೇನ್ ಹೋಯ್ತು. ಬೆಂಗಳೂರಿನ ಬೈಸಿಕಲ್ ಮೇಯರ್ ಅಂತ ಹೆಸರಾದವರು ಸತ್ಯ ಶಂಕರನ್, ಆಮ್ಸ್ಟರ್‌ಡ್ಯಾಮಿನ ಬೈಕ್ಸ್ ಅನ್ನೋ ಸಂಸ್ಥೆ ಊರೂರಲ್ಲಿ ಈ ಪದವಿ ಕೊಡುತ್ತೆ, ಅಧಿಕಾರ ಏನೂ ಇಲ್ಲ ಬಾಯಿ ಮಾತ್ರ. ಅವರ ಸೈಕಲ್ ಟು ವರ್ಕ್ ಅನ್ನೋ ಅಭಿಯಾನದ ಇಡೀ ಜೋರು ಆಫೀಸಿಗೆ ಸೈಕಲ್ಲಲ್ಲಿ ಬನ್ನಿ ಅನ್ನೋದರ ಮೇಲೆ. ಅದರ ಬಾಲಕ್ಕೆ ನಂದೊಂದು ಸೇರಿಸ್ತೀನಿ, ಆಫೀಸಿನ ತನಕ ಆಗಲ್ವಾ, ಸ್ಟೇಷನ್ ತನಕನಾದ್ರೂ ಬನ್ನಿ.

ತಗೊಳ್ಳೋದೇ ಅಂತ ತೀರ್ಮಾನ ಮಾಡಿದ್ರೆ ಸೇಲ್ಸ್‌ನವರು ಮಡಚಿ ತೋರಿಸೋದು ನೋಡಿ ಮರುಳಾಗ್ಬೇಡಿ, ನೀವೇ ಮಡಚಿ, ಮಡಚಿದ್ದನ್ನ ಎತ್ಕೊಂಡು ಅಂಗಡಿ ಮೆಟ್ಲು ಹತ್ತಿ ಇಳೀರಿ. ಸೆಕೆಂಡ್ ಹ್ಯಾಂಡಲ್ಲೂ ಬೇಕಾದಷ್ಟು ಸಿಗುತ್ತೆ, ಲಾಕ್‌ಡೌನಲ್ಲಿ ತಗೊಂಡು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋಕೆ ಇಟ್ಟವರ ಹತ್ರ, ಅರ್ಧ ರೇಟಿಗೆ. ಅದರಲ್ಲಿ ಟೈರ್ ಬ್ರೇಕ್ ಸವೆದಿದ್ರೆ ಯೋಚನೆ ಬೇಡ, ಬದಲಾಯಿಸ್ಬಹುದು. ಆದ್ರೆ ಫ್ರೇಮ್ ಮಧ್ಯದ ಕೀಲನ್ನ ಲಾಕ್ ಮಾಡಿ, ಮುಂದಿನ ಬ್ರೇಕ್ ಹಿಡ್ಕೊಂಡು ಹಿಂದೆ ಮುಂದೆ ಜಗ್ಗಿ ನೋಡಿ. ಅಲ್ಲಿ ಟಕ್ ಟಕ್ ಅಂತ ಆಟ ಇದ್ರೆ ಲಿವರ್ ಟೈಟ್ ಮಾಡ್ಸಿ ನೋಡಿ, ಆದ್ರೂ ಹೋಗದೇ ಇದ್ರೆ ಎಷ್ಟೇ ಕಮ್ಮಿಗೆ ಕೊಟ್ರೂ ಬಿಟ್ಟು ಬನ್ನಿ.