ಇಜಿಆರ್ ಕ್ಲೀನರ್ ಸ್ಪ್ರೇ: ತಗೊಳ್ಳಿ, ಆದ್ರೆ ವಾಲ್ವ್ ಬಿಚ್ಚಿ ಹೊಡೀರಿ

ಹಳೇ ಡೀಸೆಲ್ ಎಸ್‌ಯುವಿ ಐಡಲ್‌ನಲ್ಲಿ ನಡುಗ್ತಿದೆ, ಆಕ್ಸಿಲರೇಟರ್ ಒತ್ತಿದ್ರೆ ಮೊದ್ಲು ಕಪ್ಪು ಹೊಗೆ ಆಮೇಲೆ ಪಿಕಪ್ಪು, ಅಂತ ಯಾರ ಹತ್ರ ಹೇಳಿದ್ರೂ ಬರೋ ಉತ್ತರ ಒಂದೇ, "ಇಜಿಆರ್ ಕ್ಲೀನರ್ ಒಂದ್ ಡಬ್ಬಿ ಹೊಡೀರಿ". ಇಜಿಆರ್ ಅಂದ್ರೆ ಎಕ್ಸಾಸ್ಟ್ ಗ್ಯಾಸಲ್ಲಿ ಸ್ವಲ್ಪನ ವಾಪಸ್ ಇಂಜಿನ್‌ಗೆ ಕಳ್ಸೋ ವ್ಯವಸ್ಥೆ, ಅದರ ವಾಲ್ವ್‌ನಲ್ಲಿ ಕಟ್ಕೊಂಡಿರೋ ಮಸಿ ತೆಗಿಯೋಕೆ ಈ ಸ್ಪ್ರೇ. ಡಬ್ಬಿ ಮೇಲೂ ದೊಡ್ಡಕ್ಷರದಲ್ಲಿ ಬರ್ದಿರ್ತಾರೆ, ಏನೂ ಬಿಚ್ಚೋದು ಬೇಡ, ಇಂಜಿನ್ ಓಡ್ತಿರೋವಾಗ್ಲೇ ಇನ್‌ಟೇಕ್‌ಗೆ, ಅಂದ್ರೆ ಇಂಜಿನ್‌ಗೆ ಗಾಳಿ ಹೋಗೋ ದಾರಿಗೆ, ಹೊಡೀರಿ ಸಾಕು ಅಂತ. ನನ್ನ ರಿವ್ಯೂ ಇಷ್ಟೇ: ಒಳಗಿರೋ ಸಾಲ್ವೆಂಟ್ ಒಳ್ಳೇದು, ಮೇಲೆ ಬರ್ದಿರೋ ಆ ಮಾತು ಒಳ್ಳೇದಲ್ಲ. ಬ್ರ್ಯಾಂಡ್ ಹೆಸ್ರು ಹೇಳ್ತಿಲ್ಲ, ಈ ಸ್ಪ್ರೇಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ, ಬೇಗ ಹತ್ಕೊಳ್ಳೋ ಸಾಲ್ವೆಂಟ್, ಮೂಗಿಗೆ ಬಡಿಯೋ ವಾಸನೆ, ಉದ್ದ ಸ್ಟ್ರಾ ಇರೋ ನಾಝಲ್.

ಬಿಚ್ಚದೆ ಹೊಡಿಯೋದು ಯಾಕೆ ವೇಸ್ಟು ಅಂತ ಗೊತ್ತಾಗ್ಬೇಕಂದ್ರೆ ವಾಲ್ವ್ ಏನ್ ಮಾಡುತ್ತೆ ನೋಡ್ಬೇಕು. ಎಕ್ಸಾಸ್ಟ್‌ನಿಂದ ಹೊರಗೆ ಹೋಗ್ಬೇಕಾದ ಗ್ಯಾಸಲ್ಲಿ ಸ್ವಲ್ಪ ಭಾಗನ ವಾಪಸ್ ಇನ್‌ಟೇಕ್‌ಗೆ ಬಿಡುತ್ತೆ, ಆ ಗ್ಯಾಸಲ್ಲಿ ಆಕ್ಸಿಜನ್ ಕಮ್ಮಿ ಇರೋದ್ರಿಂದ ಸಿಲಿಂಡರ್ ಒಳಗೆ ಉರಿಯೋ ಟೆಂಪರೇಚರ್ ಇಳಿಯುತ್ತೆ, ಟೆಂಪರೇಚರ್ ಇಳಿದ್ರೆ ನೈಟ್ರೋಜನ್ ಆಕ್ಸೈಡ್ ಕಮ್ಮಿ ಹುಟ್ಟುತ್ತೆ. ಡೀಸೆಲ್‌ನಲ್ಲಿ ಲೋಡ್ ಕಮ್ಮಿ ಇರೋವಾಗ ಇದು ಜಾಸ್ತಿ ತೆರ್ಕೊಳ್ಳುತ್ತೆ, ಫುಲ್ ಥ್ರಾಟಲ್‌ನಲ್ಲಿ ಮುಚ್ಕೊಳ್ಳುತ್ತೆ. ಈಗ ಗ್ಯಾಸ್ ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ ನೋಡಿ, ಎಕ್ಸಾಸ್ಟ್‌ನಿಂದ ವಾಲ್ವ್ ದಾಟಿ ಇನ್‌ಟೇಕ್‌ಗೆ. ನೀವು ಸ್ಪ್ರೇ ಹೊಡಿಯೋದು ಇನ್‌ಟೇಕ್‌ಗೆ. ಅಂದ್ರೆ ಅದು ಗಾಳಿ ಜೊತೆ ಸೀದಾ ಸಿಲಿಂಡರ್‌ಗೆ ಹೋಗುತ್ತೆ, ಎದುರಿಂದ ಬರ್ತಿರೋ ಗ್ಯಾಸನ್ನ ತಳ್ಕೊಂಡು ಹಿಂದಕ್ಕೆ ಹೋಗಿ ವಾಲ್ವ್ ಸೀಟ್ (ಮುಚ್ಚಿದಾಗ ವಾಲ್ವ್ ಕೂರೋ ಜಾಗ) ಮೇಲಿರೋ ಮಸಿ ಕರಗ್ಸೋಕೆ ಅದಕ್ಕೇನು ಕಾಲಿದ್ಯಾ. ಇಂಜಿನ್ ಸ್ವಲ್ಪ ಸ್ಮೂತ್ ಆದಂಗೆ ಅನ್ಸಿದ್ರೂ ಅದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪು) ಗೋಡೆ ಸ್ವಲ್ಪ ತೊಳೆದಿರೋದಷ್ಟೇ.

ಇದಕ್ಕಿಂತ ಸೀರಿಯಸ್ ವಿಷಯ ಇನ್ನೊಂದಿದೆ. ಡೀಸೆಲ್ ಇಂಜಿನ್‌ಗೆ ಇನ್‌ಟೇಕ್‌ನಿಂದ ಹೋಗೋ ಸಾಲ್ವೆಂಟ್ ಕೂಡ ಇಂಧನನೇ, ಜಾಸ್ತಿ ಹೊಡೆದ್ರೆ ನಿಮ್ಮ ಕಾಲು ಆಕ್ಸಿಲರೇಟರ್ ಮೇಲಿಲ್ದೇ ಇದ್ರೂ ಆರ್‌ಪಿಎಂ ಏರುತ್ತೆ. ಒಳಗೆ ಹೋಗೋ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್‌ಗಿಂತ ಮುಂಚೆ ಹೊಡೆದ್ರೆ ಅಲ್ಲೇ ನಿಂತ್ಕೊಂಡು ಆಮೇಲೆ ಒಟ್ಟಿಗೆ ಬರಬಹುದು. ಗಾಳಿ ಅಳೆಯೋ ಎಂಎಎಫ್ ಸೆನ್ಸರ್ ಮೇಲೆ ಬಿದ್ರೆ ಅದೂ ಹೋಯ್ತು, ಅದಕ್ಕೆ ಬೇರೆ ಕ್ಲೀನರ್ರೇ ಇದೆ. ಬಿಚ್ಚದೆ ಹೊಡಿಯೋ ವಿಧಾನಕ್ಕೆ ಐದಕ್ಕೆ ಒಂದು ಸ್ಟಾರ್, ಅದೂ ವಾಸನೆ ತಡ್ಕೊಂಡಿದ್ದಕ್ಕೆ.

ಅದೇ ಡಬ್ಬಿನ ವಾಲ್ವ್ ಬಿಚ್ಚಿ ಕೈಯಲ್ಲಿಟ್ಕೊಂಡು ಹೊಡೆದ್ರೆ ನಾಲ್ಕು ಸ್ಟಾರ್ ಕೊಡ್ತೀನಿ. ಒಳಗೆ ಸೇರಿರೋದು ಬರೀ ಒಣ ಮಸಿ ಅಲ್ಲ, ಕ್ರ್ಯಾಂಕ್‌ಕೇಸ್ ಬ್ರೀದರ್‌ನಿಂದ (ಇಂಜಿನ್ ಕೆಳಭಾಗದ ಆವಿ ಹೊರಗೆ ಬಿಡೋ ಪೈಪು) ಬರೋ ಎಣ್ಣೆ ಆವಿ ಮಸಿ ಜೊತೆ ಸೇರಿ ಡಾಂಬರ್ ಥರ ಗಟ್ಟಿಯಾಗಿರುತ್ತೆ. ಸ್ಪ್ರೇ ಹೊಡೆದು ತಕ್ಷಣ ಒರೆಸ್ಬೇಡಿ, ನೆನೆಯೋಕೆ ಬಿಡಿ, ಆಮೇಲೆ ನೈಲಾನ್ ಬ್ರಶ್ಶು ಅಥವಾ ಹಳೇ ಟೂತ್‌ಬ್ರಶ್ ಹಾಕಿ, ಮತ್ತೆ ಹೊಡೀರಿ. ಫೋಮ್ ಆಗೋ ಟೈಪ್ ಸಿಕ್ರೆ ಅದೇ ತಗೊಳ್ಳಿ, ತೆಳ್ಳಗಿನ ಲಿಕ್ವಿಡ್ ಹರ್ದು ಹೋಗ್ಬಿಡುತ್ತೆ, ಫೋಮ್ ಅಂಟ್ಕೊಂಡು ಕೂರುತ್ತೆ. ತುಂಬಾ ವರ್ಷ ಕೈ ಹಾಕ್ದೇ ಇರೋ ವಾಲ್ವ್ ಆದ್ರೆ ಒಂದು ಡಬ್ಬಿ ಸಾಕಾಗಲ್ಲ, ಮೊದ್ಲು ಮರದ ಕಡ್ಡಿ ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ದಪ್ಪಗಿರೋದನ್ನ ಎಬ್ಬಿಸ್ಬಿಟ್ರೆ ಸ್ಪ್ರೇ ಉಳಿಯುತ್ತೆ. ಸೀಟ್ ಮೇಲೆ ಸ್ಕ್ರೂಡ್ರೈವರ್ ಆಡಿಸ್ಬೇಡಿ, ಗೀರು ಬಿದ್ರೆ ವಾಲ್ವ್ ಮುಚ್ಚಿದ್ರೂ ಲೀಕ್ ಆಗ್ತಾನೇ ಇರುತ್ತೆ.

ಡಬ್ಬಿ ಮೇಲೆ ಸರಿಯಾಗಿ ಹೇಳ್ದೇ ಇರೋದು ಏನಂದ್ರೆ ಎಲ್ಲಾ ವಾಲ್ವ್ ಒಂದೇ ಥರ ಅಲ್ಲ. ತುಂಬಾ ಹಳೇ ಗಾಡೀಲಿ ವ್ಯಾಕ್ಯೂಮ್‌ನಿಂದ ಓಡೋ ವಾಲ್ವ್ ಇರುತ್ತೆ, ಮೇಲೆ ಡಯಾಫ್ರಾಮ್ ಡಬ್ಬ, ಅದಕ್ಕೊಂದು ಸಣ್ಣ ಹೋಸ್. ಸಾಲ್ವೆಂಟ್ ಡಯಾಫ್ರಾಮ್ ರಬ್ಬರ್‌ಗೆ ತಾಗಬಾರ್ದು. ಕ್ಲೀನ್ ಆದ್ಮೇಲೆ ಕೈ ವ್ಯಾಕ್ಯೂಮ್ ಪಂಪ್ ಹಾಕಿ ನೋಡಿ, ವಾಲ್ವ್‌ನ ಕಡ್ಡಿ (ಸ್ಟೆಮ್) ಮೇಲೆದ್ದು ಹಂಗೇ ನಿಲ್ಬೇಕು, ತಾನಾಗೇ ಇಳಿದ್ರೆ ಡಯಾಫ್ರಾಮ್ ಹರ್ದಿದೆ ಅಂತ ಅರ್ಥ, ಆಗ ಎಷ್ಟು ಸ್ಪ್ರೇ ಹೊಡೆದ್ರೂ ಪ್ರಯೋಜನ ಇಲ್ಲ. ಆ ಸಣ್ಣ ಹೋಸ್ ಬಿರುಕು ಬಿಟ್ಟಿದ್ರೂ ಇದೇ ಲಕ್ಷಣ, ಹಂಗಾಗಿ ಡಬ್ಬಿ ತಗೊಳ್ಳೋಕೆ ಮುಂಚೆ ಹೋಸ್ ನೋಡ್ಬಿಡಿ, ಎಷ್ಟೋ ಗಾಡೀಲಿ ಕಥೆ ಅಲ್ಲೇ ಮುಗಿಯುತ್ತೆ.

ಎಲೆಕ್ಟ್ರಿಕ್ ವಾಲ್ವ್ ಆದ್ರೆ ಮೊದ್ಲು ಬ್ಯಾಟರಿ ನೆಗೆಟಿವ್ ತೆಗೀರಿ, ಮೋಟರ್ ಇರೋ ಭಾಗ ಮೇಲಕ್ಕೆ ಬರೋ ಹಾಗೆ ಹಿಡ್ಕೊಂಡು ಕೆಳಗಿನ ಲೋಹದ ಭಾಗಕ್ಕೆ ಮಾತ್ರ ಹೊಡೀರಿ, ಪೂರ್ತಿ ವಾಲ್ವನ್ನ ಬಕೆಟ್‌ನಲ್ಲಿ ಮುಳುಗ್ಸೋ ವಿಡಿಯೋ ನೋಡಿ ಟ್ರೈ ಮಾಡ್ಬೇಡಿ. ಅಂಟ್ಕೊಂಡಿದೆ ಅಂತ ಜೋರಾಗಿ ತಿರುಗ್ಸಿದ್ರೆ ಕೆಲವು ವಾಲ್ವ್‌ಗಳಲ್ಲಿ ಒಳಗಿರೋ ಪ್ಲಾಸ್ಟಿಕ್ ಗೇರ್ ಮುರಿಯುತ್ತೆ. ವಾಪಸ್ ಹಾಕಿದ್ಮೇಲೆ ಹಲವು ಗಾಡಿಗಳಲ್ಲಿ ಸ್ಕ್ಯಾನ್ ಟೂಲ್‌ನಿಂದ (ಗಾಡಿ ಕಂಪ್ಯೂಟರ್‌ಗೆ ಸಿಕ್ಕಿಸೋ ಉಪಕರಣ) ವಾಲ್ವ್ ಮುಚ್ಚಿದ ಪೊಸಿಷನ್ ಮತ್ತೆ ಕಲಿಸ್ಬೇಕು, ಕಲಿಸ್ದೇ ಹೋದ್ರೆ ಕ್ಲೀನ್ ವಾಲ್ವ್ ಇಟ್ಕೊಂಡೂ ಇಂಜಿನ್ ಲೈಟ್ ಉರೀತಾ ಇರುತ್ತೆ, ಜನ ಬೈಯೋದು ಸ್ಪ್ರೇನ.

ಸ್ಕ್ಯಾನ್ ಟೂಲ್ ಹೇಗೂ ಕೈಗೆ ಬಂದ್ರೆ ಗಾಡಿ ಕಂಪ್ಯೂಟರ್ ತೋರ್ಸೋ ದೋಷದ ಕೋಡ್ ಮೊದ್ಲೇ ಓದ್ಕೊಂಡುಬಿಡಿ. ಪಿ0401 ಅಂದ್ರೆ ಗ್ಯಾಸ್ ಸಾಕಾಗ್ತಿಲ್ಲ, ಪಿ0402 ಅಂದ್ರೆ ಜಾಸ್ತಿ ಬರ್ತಿದೆ, ಇವೆರಡಕ್ಕೂ ಮಸಿ ಕಾರಣ ಇರಬಹುದು, ಸ್ಪ್ರೇ ಕೆಲ್ಸಕ್ಕೆ ಬರಬಹುದು. ಪಿ0403 ಬಂದ್ರೆ ಅದು ವೈರಿಂಗ್ ಅಥವಾ ಕಾಯಿಲ್ ಕಡೆ ಸಮಸ್ಯೆ, ಡಬ್ಬಿ ಅಂಗಡೀಲೇ ಬಿಟ್ಟು ಬನ್ನಿ. ಪಿ0401 ಬಂದಾಗ ವಾಲ್ವ್ ಮಾತ್ರ ನೋಡಿ ಸುಮ್ನಾಗೋರು ಜಾಸ್ತಿ, ಇನ್‌ಟೇಕ್‌ಗೆ ಸೇರೋ ಪೈಪಲ್ಲಿ ಬೆರಳು ಹಾಕಿ ನೋಡಿ, ಎಷ್ಟೋ ಸಲ ಅಲ್ಲಿ ತೂತು ಅರ್ಧಕ್ಕಿಂತ ಕಮ್ಮಿ ಉಳ್ದಿರುತ್ತೆ. ಅಲ್ಲಿ ಕೆರೆಯೋವಾಗ ಚೂರುಗಳು ಮ್ಯಾನಿಫೋಲ್ಡ್ ಒಳಗೆ ಬೀಳದ ಹಾಗೆ ಬಟ್ಟೆ ತುರುಕಿ, ಆಮೇಲೆ ಆ ಬಟ್ಟೆ ತೆಗಿಯೋದು ಮರೀಬೇಡಿ ಮಾರಾಯ್ರೆ.

ಬಿಚ್ಚೋದು ಕಷ್ಟ ಅಂತ ಹೆದರೋರಿಗೆ, ಕಷ್ಟ ಇರೋದು ಕ್ಲೀನಿಂಗ್‌ನಲ್ಲಿ ಅಲ್ಲ, ಬೋಲ್ಟಲ್ಲಿ. ವರ್ಷಗಟ್ಲೆ ಬಿಸಿ ತಿಂದಿರೋ ಬೋಲ್ಟು, ಹಿಂದಿನ ದಿನವೇ ಪೆನಿಟ್ರೇಟಿಂಗ್ ಆಯಿಲ್ ಹಾಕಿಟ್ರೆ ಬರುತ್ತೆ, ಬಲ ಹಾಕಿದ್ರೆ ತಲೆ ಮುರಿಯುತ್ತೆ. ಗ್ಯಾಸ್ಕೆಟ್ ಮಾತ್ರ ಹೊಸದೇ ಹಾಕಿ, ಹಳೇದನ್ನ ಮತ್ತೆ ಕೂರ್ಸಿದ್ರೆ ಎಕ್ಸಾಸ್ಟ್ ಲೀಕ್ ಸದ್ದು ಶುರುವಾಗಿ ಮತ್ತೆ ಬಿಚ್ಬೇಕಾಗುತ್ತೆ. ಕೈಗ್ಲೌಸು, ಕನ್ನಡಕ, ಗಾಳಿ ಆಡೋ ಜಾಗ ಮೂರೂ ಬೇಕು, ಬಿಸಿ ಇಂಜಿನ್ ಹತ್ರ ಈ ಸ್ಪ್ರೇ ತರಲೇಬೇಡಿ.

ಎಷ್ಟು ದಿನ ಬಾಳುತ್ತೆ ಅಂತ ಕೇಳ್ತೀರಾ, ಅದು ಸ್ಪ್ರೇ ಕೈಲಿಲ್ಲ. ಇಂಜಿನ್ ಬಿಸಿಯಾಗೋದ್ರೊಳಗೆ ಆಫ್ ಮಾಡೋ ಸಣ್ಣ ಸಣ್ಣ ಓಡಾಟವೇ ಜಾಸ್ತಿ ಇದ್ರೆ, ಇಂಜೆಕ್ಟರ್ ಸೋರ್ತಿದ್ರೆ, ಏರ್ ಫಿಲ್ಟರ್ ಕಟ್ಕೊಂಡಿದ್ರೆ, ಮಸಿ ಬೇಗ ವಾಪಸ್ ಬರುತ್ತೆ. ಆಗಾಗ ಹೈವೇಲಿ ಇಂಜಿನ್‌ಗೆ ಕೆಲ್ಸ ಕೊಟ್ಟು ಓಡ್ಸೋ ಗಾಡೀಲಿ ನಿಧಾನಕ್ಕೆ ಕೂರುತ್ತೆ. ಈ ರಗಳೆನೇ ಬೇಡ ಅಂತ ಪ್ಲೇಟ್ ಹಾಕಿ ಮುಚ್ಬಿಡೋರಿದ್ದಾರೆ, ಎಷ್ಟೋ ಕಡೆ ಅದು ಕಾನೂನಿಗೆ ವಿರುದ್ಧ, ಎಮಿಷನ್ ಟೆಸ್ಟಲ್ಲೂ ಸಿಕ್ಕಿಬೀಳಬಹುದು, ನಾನಂತೂ ರೆಕಮೆಂಡ್ ಮಾಡಲ್ಲ.

ಕೂಲೆಂಟ್ ಹೊರಗೆಲ್ಲೂ ಸೋರದೆ ಕಮ್ಮಿ ಆಗ್ತಿದ್ದು ಬಿಳಿ ಹೊಗೆ ಬರ್ತಿದ್ರೆ ಈ ಡಬ್ಬಿ ತಗೋಳ್ಳೇಬೇಡಿ, ಆ ಬಿಸಿ ಗ್ಯಾಸನ್ನ ಕೂಲೆಂಟ್‌ನಿಂದ ತಣ್ಣಗೆ ಮಾಡೋ ಇಜಿಆರ್ ಕೂಲರ್ ಒಳಗೆ ಸೋರ್ತಿರಬಹುದು, ಹೆಡ್ ಗ್ಯಾಸ್ಕೆಟ್ಟೂ ಇರಬಹುದು, ಮೊದ್ಲು ಪ್ರೆಶರ್ ಟೆಸ್ಟ್ ಮಾಡ್ಸಿ.